ದಡದಮನೆಯ ಹೆಪ್ಪು

ಆ ಊರು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಅದರ ಒಂದು ಮಗ್ಗುಲಿಗೆ ಹೊಳೆ ಹರಿಯುತ್ತದೆ, ಅಷ್ಟು ಸಾಕು. ಆ ಊರಿನಲ್ಲಿ ಮನೆಮನೆಗೂ ಹಾಲಿದೆ. ಆದರೆ ಯಾವ ಮನೆಯ ಹಾಲೂ ತನ್ನ ಸ್ವಂತ ಹೆಪ್ಪಿಗೆ ಮೊಸರಾಗುವುದಿಲ್ಲ. ನಿನ್ನೆಯ ಮೊಸರನ್ನೇ ಇವತ್ತಿನ ಹಾಲಿಗೆ ಬಿಟ್ಟು ಮುಚ್ಚಿಟ್ಟರೆ ಬೆಳಗ್ಗೆ ಹಾಲು ಹಾಲಾಗಿಯೇ ಇರುತ್ತದೆ. ಹೆಪ್ಪು ಇನ್ನೊಂದು ಮನೆಯಿಂದಲೇ ಬರಬೇಕು. ಯಾರ ಹಾಲೋ ಅವರೇ ಹೋಗಿ ಬಾಗಿಲು ತಟ್ಟಿ ಕೇಳಬೇಕು. ಕೇಳದೆ ಕೊಡಬಾರದು. ದೀಪ ಹಚ್ಚಿದ ಮೇಲೆ ಕೊಡಲೇಬಾರದು.

ಹೀಗೇಕೆ ಎಂದು ಊರಿನವರನ್ನು ಕೇಳಿದರೆ, ನೀರು ಯಾಕೆ ಒದ್ದೆ ಎಂದು ಕೇಳಿದವನನ್ನು ನೋಡುವಂತೆ ನೋಡುತ್ತಾರೆ.

ಸಂಜೆಯಾಗುತ್ತದೆ. ಬಾಗಿಲುಗಳು ತೆರೆದುಕೊಳ್ಳುತ್ತವೆ. ಬಟ್ಟಲುಗಳು ಹೋಗುತ್ತವೆ, ಬಟ್ಟಲುಗಳು ಬರುತ್ತವೆ. ಬೆಳಗ್ಗೆ ಜಗಳವಾಡಿದವರೂ ಸಂಜೆ ಬಟ್ಟಲು ಹಿಡಿದು ಹೊರಡಲೇಬೇಕು. ಕೆಲವರು ಮುಖ ಆ ಕಡೆ ತಿರುಗಿಸಿಕೊಂಡು ಬಟ್ಟಲು ಈ ಕಡೆ ಚಾಚುತ್ತಾರೆ. ಹೆಪ್ಪಿಗೆ ಮುಖದ ಗೊಡವೆ ಇಲ್ಲ, ಅದು ಬೆಳಗ್ಗೆ ಗಟ್ಟಿಯಾಗಿ ಕೂತಿರುತ್ತದೆ.

ಇನ್ನೊಂದು ತಮಾಷೆಯೂ ಆ ಊರಿನಲ್ಲಿತ್ತು. ಹೊಸದಾಗಿ ಮದುವೆಯಾದವರು ಬೇರೆ ಒಲೆ ಹೂಡಿದ ದಿನ, ಹಾಲು ಉಕ್ಕಿಸುವ ಮೊದಲೇ ಅಕ್ಕಪಕ್ಕದವರೆಲ್ಲ ಬಟ್ಟಲು ಹಿಡಿದು ಬಾಗಿಲಿಗೆ ಬರುತ್ತಿದ್ದರು. “ಹೆಪ್ಪು ಇದೆಯೇನೇ ಹುಡುಗಿ?” ಎಂದು ಕಾಡುತ್ತಿದ್ದರು. ಮದುಮಗಳು ನಾಚಿಕೊಂಡು ತವರಿನಿಂದ ತಂದ ಕುಡಿಕೆಯಿಂದ ಒಂದೊಂದು ತೊಟ್ಟು ಹಾಕುತ್ತಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಹಾಲೇ ಇಲ್ಲದ ಮನೆಗೆ ಹೆಪ್ಪು ಕೇಳಲು ಹೋಗುವುದು! ಎಲ್ಲರೂ ನಗುತ್ತಿದ್ದರು. ಅದು ಬರೀ ನಗೆ ಎಂದೇ ಎಲ್ಲರೂ ತಿಳಿದಿದ್ದರು.

ಒಂದು ವರ್ಷ ಹೊಳೆ ತುಂಬಿ ಹರಿಯುವಾಗ ಆಚೆ ದಡದಿಂದ ದೋಣಿಯಲ್ಲಿ ಒಂದಷ್ಟು ಹುಡುಗರು ಹುಡುಗಿಯರು ಬಂದಿಳಿದರು. ಎಲ್ಲರೂ ಹರೆಯದವರು. ಅವರ ಊರಿನ ಮೇಲೆ ಗಾಳಿ ಮರಳು ತಂದು ಸುರಿಯುತ್ತಲೇ ಇತ್ತಂತೆ. ಮೊದಲು ಹೊಸ್ತಿಲು ಹೂತಿತು, ಆಮೇಲೆ ಕಿಟಕಿ, ಆಮೇಲೆ ಸೂರು. ದೊಡ್ಡವರು ಮಕ್ಕಳನ್ನು ದೋಣಿ ಹತ್ತಿಸಿ, ತಾವು ಮರಳು ಬಗೆಯುತ್ತಾ ಅಲ್ಲೇ ಉಳಿದರು. ಅವರ ಸುದ್ದಿ ಮತ್ತೆ ಬರಲಿಲ್ಲ.

ಊರಿನವರು ಕೆಟ್ಟವರಲ್ಲ. ಹೊಳೆಯ ದಂಡೆಯಲ್ಲಿ ಅವರಿಗೊಂದು ಮನೆ ಕಟ್ಟಿಕೊಟ್ಟರು. ದಡದಮನೆ ಎಂದು ಹೆಸರಿಟ್ಟರು. ಒಂದು ಹಸುವನ್ನೂ ಕೊಟ್ಟರು. ಆದರೆ ಕಟ್ಟಳೆ ಕಟ್ಟಳೆಯೇ. ಹಾಲು ಹೆಪ್ಪಾಗದ ಮನೆ ಅತಿಥಿಗಳ ಮನೆ, ಮತ್ತು ಅತಿಥಿಗಳು ಹೊಳೆ ಇಳಿದು ನಡೆದು ದಾಟುವಷ್ಟಾದಾಗ ಹೊರಟುಬಿಡಬೇಕು. ಊರ ಯಜಮಾನ ಇದನ್ನು ಸಿಟ್ಟಿನಿಂದೇನೂ ಹೇಳಲಿಲ್ಲ. “ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹೊಳೆ ಇಳಿಯೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ, ಅಷ್ಟರೊಳಗೆ ಹೆಪ್ಪಾಗುತ್ತೆ ಬಿಡಿ” ಎಂದ. ಆ ಕೆಲಸಕ್ಕೆಂದೇ ಊರು ಒಂದು ಯೋಜನೆ ಮಾಡಿತು. ನಡೆಸಲು ಯಾರು ಮುಂದೆ ಬರುತ್ತೀರಿ ಎಂದಾಗ ಒಬ್ಬ ಹೆಂಗಸು ಕೈ ಎತ್ತಿದಳು. ಅವಳ ಕೈಗೆ ದಡದಮನೆಯ ಬೀಗದಕೈ ಕೊಟ್ಟರು. ಅಂದಿನಿಂದ ಅವಳು ಬೀಗದಕೈಯವಳು.

ಅವಳ ಉತ್ಸಾಹ ಹೇಳತೀರದು. ಒಳಗಿದ್ದವರು ತೆಗೆಯಲಿ ಎಂದು ಕಾಯದೆ ಬೆಳಗ್ಗೆ ಬೀಗದಕೈ ತಿರುಗಿಸಿಕೊಂಡು ಒಳಗೆ ಬರುತ್ತಿದ್ದಳು, ಸಂಜೆ ಮತ್ತೆ ತಿರುಗಿಸಿಕೊಂಡು ಬರುತ್ತಿದ್ದಳು. ಹರೆಯದವರ ಕೈಗೆ ಬೆಂಕಿ ಕೊಡಬಾರದು ಎಂದು ಯಜಮಾನ ಹೇಳಿದ್ದರಿಂದ ದಡದಮನೆಯ ದೀಪವನ್ನೂ ಅವಳೇ ಹಚ್ಚುತ್ತಿದ್ದಳು. ಅವಳ ಸೊಂಟದಲ್ಲಿ ಆ ಬೀಗದಕೈ ಗಿಲಿಗಿಲಿ ಎಂದರೆ ಒಳಗಿದ್ದವರು ಎದ್ದು ಸಾಲಾಗಿ ನಿಲ್ಲುತ್ತಿದ್ದರು.

ಬಂದ ಹೊಸದರಲ್ಲೇ ಒಂದು ಸಂಗತಿ ನಡೆಯಿತು. ಅವರಲ್ಲೊಬ್ಬ ಹುಡುಗಿ, ಸದಾ ಏನಾದರೂ ಕೇಳುತ್ತಲೇ ಇರುವವಳು, ಗಂಟಿನಿಂದ ಒಣಮೆಣಸಿನಕಾಯಿಯ ತೊಟ್ಟುಗಳನ್ನು ತೆಗೆದು ಬೆಚ್ಚಗಿನ ಹಾಲಿಗೆ ಹಾಕುತ್ತಿದ್ದಳು. ಬೀಗದಕೈಯವಳು ಓಡಿ ಬಂದು ಕೈ ಹಿಡಿದಳು.

“ಏನಮ್ಮ ಇದು?”

“ಹೆಪ್ಪು. ನಮ್ಮ ಕಡೆ ಹೀಗೇ ಹಾಕೋದು. ನಮ್ಮಲ್ಲಿ ಒಂದು ಮನೆಯಿಂದ ಕೂಗಿದ್ರೆ ಇನ್ನೊಂದು ಮನೆಗೆ ಕೇಳಲ್ಲ. ಯಾರ ಹತ್ರ ಹೋಗಿ ಕೇಳೋದು?”

“ಅದೆಲ್ಲ ಆಚೆ. ಇಲ್ಲಿ ಹಾಗೆ ಮಾಡೋ ಹಾಗಿಲ್ಲ. ಇಲ್ಲಿ ಕೇಳಿ ತರಬೇಕು. ಕೇಳದೆ ಯಾರೂ ಕೊಡಬಾರದು. ತಿಳೀತಾ?”

“ತಿಳೀತು” ಎಂದಳು ಹುಡುಗಿ. ಬೀಗದಕೈಯವಳು ತೊಟ್ಟುಗಳನ್ನೆಲ್ಲ ಬಾಚಿ ಹಿತ್ತಿಲಾಚೆ ಎಸೆದಳು. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಳು.

ಮೊದಮೊದಲು ಅವಳೇ ತನ್ನ ಮನೆಯಿಂದ ಹೆಪ್ಪು ತಂದು ಹಾಕಿದಳು. ದಿನವಿಡೀ ಇಟ್ಟಿಗೆ ಹೊತ್ತು, ಬಟ್ಟೆ ಒಗೆದು ಬಂದ ಹುಡುಗರು ಸುಸ್ತಾಗಿರುತ್ತಾರೆ, ಅವರನ್ನು ಮನೆಮನೆ ಅಲೆಸುವುದೇಕೆ ಎಂಬುದು ಅವಳ ಕರುಣೆ. ಬೆಳಗ್ಗೆ ಹಾಲು ಹಾಲಾಗಿಯೇ ಇತ್ತು. ಯಾರ ಹಾಲೋ ಅವರೇ ಕೇಳಬೇಕು ಎಂಬ ಮಾತು ಆಗ ಅವಳಿಗೆ ನೆನಪಾಯಿತು. ಸರಿ, ಕೇಳುವುದನ್ನು ಕಲಿಸಬೇಕು.

ಕಲಿಸಲು ಒಬ್ಬ ಮೇಷ್ಟ್ರು ಬಂದ. ಬೆರಳು ಹೇಗೆ ಮಡಿಸಬೇಕು, ಬಾಗಿಲಿನಿಂದ ಎಷ್ಟು ದೂರ ನಿಲ್ಲಬೇಕು, ಬಟ್ಟಲು ಎದೆಯ ಮಟ್ಟಕ್ಕೋ ಹೊಟ್ಟೆಯ ಮಟ್ಟಕ್ಕೋ, ಎಲ್ಲವನ್ನೂ ಕಲಿಸಿದ. ಗೋಡೆಗೆ ಒರಗಿಸಿಟ್ಟ ಒಂದು ಹಳೇ ಬಾಗಿಲನ್ನು ಹುಡುಗರು ಸಾಲಾಗಿ ಬಂದು ತಟ್ಟುತ್ತಿದ್ದರು. ಅರ್ಧ ಜನ ನಿಂತಲ್ಲೇ ತೂಕಡಿಸುತ್ತಿದ್ದರು. ಆ ಬಾಗಿಲಿನ ಹಿಂದೆ ಬರೀ ಗೋಡೆ. ಹುಡುಗಿ ಒಂದು ದಿನ ಕೇಳಿದಳು: “ಮೇಷ್ಟ್ರೇ, ಇದನ್ನ ಒಳಗಿಂದ ತೆಗೆಯೋದು ಯಾವಾಗ ಕಲಿಸ್ತೀರಿ?”

“ಅದು ಪಾಠದಲ್ಲಿಲ್ಲ” ಎಂದ ಮೇಷ್ಟ್ರು.

ಕಲಿತದ್ದನ್ನು ತೋರಿಸಲು ಒಂದು ಸಂಜೆ ಪ್ರದರ್ಶನವೂ ಆಯಿತು. ಊರಿಗೆ ಊರೇ ಬಂದು ಚಾಪೆ ಹಾಸಿ ಕೂತಿತು. ಹುಡುಗರು ಒಬ್ಬೊಬ್ಬರಾಗಿ ಬಂದು ಗೋಡೆಯ ಬಾಗಿಲನ್ನು ತಟ್ಟಿ, “ತಾಯೀ, ಹೆಪ್ಪು ಇದೆಯೇ?” ಎಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಮಕ್ಕಳಿಗೂ ಇಷ್ಟು ಚೆನ್ನಾಗಿ ಬರುವುದಿಲ್ಲ ಎಂದರು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು, ಪಕ್ಕದವರು ಸುಮ್ಮನಿರಿಸಿದರು.

ಆಮೇಲೆ ನಿಜವಾದ ಬಾಗಿಲುಗಳಿಗೆ ಹೋದರು. ಸಂಜೆಯಾಯಿತು. ಬಾಗಿಲುಗಳು ತೆರೆದುಕೊಂಡವು. ಅವರ ಬಟ್ಟಲು ಬರಿದಾಗಿ ಹೋಗಿ ತುಂಬಿ ಬಂತು. ಊರಿನವರು ಅವರಿಗೆ ಯಾವತ್ತೂ ಇಲ್ಲ ಎನ್ನಲಿಲ್ಲ. ದಡದಮನೆಯವರು ಕೆಲಸದಿಂದ ತಡವಾಗಿ ಬಂದು, ದೀಪ ಹಚ್ಚಿದ ಮೇಲೆ ಬಾಗಿಲು ತಟ್ಟಿದರೂ ಕೊಟ್ಟರು. ಸ್ವಂತ ತಂಗಿ ಬಂದಿದ್ದರೂ ಆ ಹೊತ್ತಿನಲ್ಲಿ ಕೊಡುತ್ತಿರಲಿಲ್ಲ. ಇವರಿಗೆ ಮಾತ್ರ, “ಅವರಿಗೇನು ಗೊತ್ತು, ಪಾಪ” ಎಂದು ಒಂದು ಚಮಚ ಹೆಚ್ಚಿಗೇ ಹಾಕಿದರು. ಅತ್ಯಂತ ಜೋರುಬಾಯಿಯ ಮೂಲೆಮನೆಯಾಕೆ ಕೂಡ ಇವರ ಮುಂದೆ ಮೆತ್ತಗೆ ಮಾತಾಡಿ, ಮೆತ್ತಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಬೆಳಗ್ಗೆ ಹಾಲು ಹಾಲಾಗಿಯೇ ಇತ್ತು.

ಈಗ ಊರಿಗೆಲ್ಲ ಕುತೂಹಲ ಹುಟ್ಟಿತು. ಯಾಕೆ ಹೆಪ್ಪಾಗುತ್ತಿಲ್ಲ? ಮಡಕೆ ಸರಿಯಿಲ್ಲ ಎಂದರು, ಹೊಸ ಮಡಕೆ ಬಂತು. ಹಸು ಸರಿಯಿಲ್ಲ ಎಂದರು, ಹಸು ಬದಲಾಯಿತು. ಅವರು ಹಾಡುವ ಹಾಡಿಗೆ ಹಾಲು ಬೆದರುತ್ತದೆ ಎಂದರು, ಹಾಡು ನಿಂತಿತು. ಕಂಬಳಿ ಹೊದಿಸಿದರು, ಬೂದಿಯಲ್ಲಿ ಹೂತಿಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮೇಷ್ಟ್ರು ಹುಡುಗರನ್ನೇ ದೂರಿದ. ಮೊದಲು ಸಿಹಿ ಹಂಚಲು, ಅಂಗಳ ಗುಡಿಸಲು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕೊನೆಗೆ ಆ ಬೀಗದಕೈಯೊಂದೇ ಗಿಲಿಗಿಲಿ ಎನ್ನುತ್ತಿತ್ತು. ಬೀಗದಕೈಯವಳಿಗೆ ನಿದ್ದೆ ಬರುತ್ತಿರಲಿಲ್ಲ. ಹೊಳೆ ದಿನದಿನಕ್ಕೆ ಇಳಿಯುತ್ತಿತ್ತು. ನೀರಿನೊಳಗಿದ್ದ ಬಂಡೆಗಳು ಬೆನ್ನು ತೋರಿಸತೊಡಗಿದ್ದವು. ಆಚೆ ದಡದಲ್ಲಿ ಈಗ ಊರೆಂಬುದಿಲ್ಲ, ಮರಳಿದೆ. ಈ ಮಕ್ಕಳು ಯಾವ ಸೂರಿನ ಕೆಳಗೆ ಹೋಗಿ ಮಲಗಬೇಕು?

ಹುಡುಗಿಗೂ ಕುತೂಹಲವಿತ್ತು, ಆದರೆ ಅದು ಬೇರೆ ತರಹದ್ದು. ಒಂದು ಸಂಜೆ ದೀಪ ಹಚ್ಚುತ್ತಿದ್ದ ಬೀಗದಕೈಯವಳ ಪಕ್ಕ ಬಂದು ನಿಂತು ಕೇಳಿದಳು.

“ನೀವು ಯಾಕೆ ನಮ್ಮ ಬಾಗಿಲು ತಟ್ಟಲ್ಲ?”

“ಬೀಗದಕೈ ನನ್ನ ಹತ್ರಾನೇ ಇದೆಯಲ್ಲಮ್ಮ.”

“ಮತ್ತೆ ಬೇರೆಯವರು? ಅವರ ಹತ್ರ ಬೀಗದಕೈ ಇಲ್ವಲ್ಲ. ಅವರೂ ಬರಲ್ಲ.”

“ನಿಮ್ಮ ಹಾಲೇ ಹೆಪ್ಪಾಗಿಲ್ಲ. ಏನು ಕೇಳೋಕೆ ಬರ್ತಾರೆ?”

ಹುಡುಗಿ ಒಳಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಬೀಗದಕೈಯವಳಿಗೆ ಅವಸರವಿತ್ತು. ಬತ್ತಿ ಸರಿಮಾಡಿ ಹೊರಟುಬಿಟ್ಟಳು.

ಹೊಳೆ ಮೊಣಕಾಲಿಗೆ ಇಳಿಯಿತು. ನಾಳೆ ಬೆಳಗ್ಗೆ ಬಂದು ಮಡಕೆ ನೋಡುತ್ತೇನೆ ಎಂದ ಯಜಮಾನ. ಆ ದಿನವೆಲ್ಲ ಬೀಗದಕೈಯವಳು ಅವನ ಕಟ್ಟೆಯ ಮುಂದೆಯೇ ನಿಂತಿದ್ದಳು. ಇನ್ನೊಂದಿಷ್ಟು ಸಮಯ ಕೊಡಿ ಎಂದಳು. ಮಕ್ಕಳು ಕಲಿತಿದ್ದಾರೆ, ನೀವೇ ನೋಡಿದಿರಲ್ಲ ಎಂದಳು. ಅತ್ತಳು ಕೂಡ.

“ನನಗೇನು ಅವರ ಮೇಲೆ ಹಗೆಯೇ? ಹಾಲು ಹೇಳ್ಬೇಕು ತಾಯಿ, ನಾನಲ್ಲ” ಎಂದ ಯಜಮಾನ. ಅವನ ದನಿಯಲ್ಲೂ ಬೇಸರವಿತ್ತು. ಆದರೂ ಅವನು ಮಾತು ಬದಲಿಸಲಿಲ್ಲ.

ಅವಳು ಅಲ್ಲಿಂದ ತಿರುಗಿದಾಗ ಹೊತ್ತು ಮುಳುಗಿತ್ತು. ಆಗ ಅವಳಿಗೆ ಅಪ್ಪನ ನೆನಪಾಯಿತು. ವಯಸ್ಸಾದ ಅಪ್ಪ ಜ್ವರ ಬಿಟ್ಟು ಆಗತಾನೇ ಎದ್ದು ಕೂತಿದ್ದ. ಅವನ ಗಂಟಲಿನಲ್ಲಿ ಮೊಸರನ್ನ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಮನೆಯಲ್ಲಿದ್ದ ಮೊಸರನ್ನೆಲ್ಲ ಆ ಬೆಳಗ್ಗೆಯೇ ಬಳಿದು ಬಡಿಸಿದ್ದಳು. ಈಗ ಹಾಲಿತ್ತು, ಹೆಪ್ಪಿರಲಿಲ್ಲ. ನಾಳೆ ಅವನು ಏನು ತಿನ್ನಬೇಕು?

ಮನೆಯಿಂದ ಬಟ್ಟಲು ತೆಗೆದುಕೊಂಡು ಓಡಿದಳು. ಬಾಗಿಲುಗಳು ಮುಚ್ಚಿದ್ದವು. ಕಿಟಕಿಗಳಲ್ಲೆಲ್ಲ ದೀಪ ಉರಿಯುತ್ತಿತ್ತು. ಒಂದು ಬಾಗಿಲು ತಟ್ಟಿದಳು, ದೀಪ ಹಚ್ಚಾಯಿತು ಎಂದರು. ಇನ್ನೊಂದು ತಟ್ಟಿದಳು, ದೀಪ ಹಚ್ಚಾಯಿತು ಎಂದರು. ಮೂಲೆಮನೆಯಾಕೆ ಬಾಗಿಲನ್ನೂ ತೆರೆಯದೆ ಒಳಗಿಂದಲೇ ಗದರಿದಳು: “ಊರಿಗೆಲ್ಲ ಪಾಠ ಹೇಳೋಳಿಗೆ ಇಷ್ಟೂ ಗೊತ್ತಾಗಲ್ವಾ? ದೀಪ ಹಚ್ಚಾಯ್ತು. ನಾಳೆ ಬಾ!” ದಡದಮನೆಯ ಯಾರನ್ನಾದರೂ ಕಳಿಸಿ ಕೇಳಿಸಿದರೆ ಕೊಡುತ್ತಾರೇನೋ ಎಂದೊಮ್ಮೆ ಅನ್ನಿಸಿತು. ಆದರೆ ಒಬ್ಬರ ಹಾಲಿಗೆ ಇನ್ನೊಬ್ಬರು ಕೇಳಿ ತಂದ ಹೆಪ್ಪು ಕೂರುವುದಿಲ್ಲ ಎಂಬುದನ್ನು ಅವಳಷ್ಟು ಚೆನ್ನಾಗಿ ಕಂಡವರು ಯಾರು?

ಬೀದಿಯ ಕೊನೆಗೆ ಬಂದು ನಿಂತಳು. ಊರಿನಲ್ಲಿ ಒಂದೇ ಒಂದು ಕಿಟಕಿ ಕತ್ತಲಾಗಿತ್ತು. ದಡದಮನೆಯದು. ಅದರ ದೀಪ ಹಚ್ಚಬೇಕಾದವಳು ಅವಳೇ, ಅವಳು ಇನ್ನೂ ಬಂದಿರಲಿಲ್ಲ.

ಅಭ್ಯಾಸದಂತೆ ಅವಳ ಕೈ ಸೊಂಟಕ್ಕೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಒಳಗೆ ಹೋಗಿ ದೀಪ ಹಚ್ಚಿದರೆ ಈ ಬಾಗಿಲೂ ಮುಚ್ಚಿದಂತೆ. ಅಲ್ಲದೆ ಕೇಳಲು ಬಂದವಳು ಬೀಗದಕೈ ತಿರುಗಿಸಿಕೊಂಡು ಒಳಗೆ ನುಗ್ಗುವುದುಂಟೇ? ಇಲ್ಲಿ ಹೆಪ್ಪಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಮುಳುಗುವವನಿಗೆ ಹುಲ್ಲುಕಡ್ಡಿ. ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಬಟ್ಟಲನ್ನು ಎದೆಯ ಮಟ್ಟಕ್ಕೆ ಹಿಡಿದು, ಬೆರಳು ಮಡಿಸಿ ತಟ್ಟಿದಳು.

ಒಳಗೆ ಗುಸುಗುಸು ಎದ್ದಿತು. ಆ ಮನೆಯ ಬಾಗಿಲನ್ನು ಯಾರೂ ಯಾವತ್ತೂ ತಟ್ಟಿರಲಿಲ್ಲ. ಆಮೇಲೆ ಬಾಗಿಲು ತೆರೆಯಿತು. ಹುಡುಗಿ ನಿಂತಿದ್ದಳು.

“ಹೆಪ್ಪು ಇದೆಯಾ?” ಎಂದಳು ಬೀಗದಕೈಯವಳು. “ನಮ್ಮಪ್ಪನಿಗೆ. ಎಲ್ಲರ ಮನೇಲೂ ದೀಪ ಹಚ್ಚಿಬಿಟ್ಟಿದ್ದಾರೆ.”

ಹುಡುಗಿ ಅವಳ ಮುಖವನ್ನೂ ಬಟ್ಟಲನ್ನೂ ನೋಡಿದಳು. “ಇದೆ, ಇರಿ” ಎಂದು ಒಳಗೆ ಹೋದಳು. ಬರುವಾಗ ಅಂಗೈಯಗಲದ ಒಂದು ಕುಡಿಕೆ ತಂದಳು. ಅದರಲ್ಲಿ ಗಟ್ಟಿ ಮೊಸರಿತ್ತು. ಚಮಚ ಹಾಕಿದರೆ ಗುಂಡಿ ಬಿದ್ದು ಹಾಗೇ ನಿಲ್ಲುವಂಥ ಮೊಸರು.

“ಎಲ್ಲಿಂದ ಬಂತಿದು?”

“ನೀವು ಎಸೆದ ತೊಟ್ಟು ಮಾರನೇ ದಿನ ಆರಿಸ್ಕೊಂಡು ಬಂದೆ. ಎರಡು ದಿನಕ್ಕೊಂದು ಸಲ ಒಂದು ಕುಡಿಕೆ ಹಾಕ್ತೀನಿ. ತೊಟ್ಟು ಯಾರ ಮನೆಯದೂ ಅಲ್ವಲ್ಲ, ಕೂರುತ್ತೆ.”

ಕಟ್ಟಳೆ ಮಾಡಿದ ಹಿರಿಯರಿಗೆ ಮೆಣಸಿನಕಾಯಿ ತೊಟ್ಟಿನ ಸಂಗತಿ ಗೊತ್ತಿದ್ದಂತಿಲ್ಲ.

“ಇಷ್ಟು ದಿನದಿಂದ ಇಟ್ಕೊಂಡಿದ್ದೀಯ, ಒಂದು ಮಾತು ಹೇಳಬಾರದಿತ್ತಾ?”

“ಕೇಳದೆ ಕೊಡಬಾರದು ಅಂತ ನೀವೇ ಹೇಳಿದ್ರಿ. ಯಾರಾದ್ರೂ ಬಂದು ಕೇಳ್ತಾರೆ ಅಂತ ದಿನಾ ಕಾಯ್ತಿದ್ದೆ. ಯಾರೂ ಕೇಳ್ಲಿಲ್ಲ.”

ಬೀಗದಕೈಯವಳಿಗೆ ನಾಚಿಕೆಯಾಯಿತು. ಅಳುವಷ್ಟು ನಾಚಿಕೆಯಾಯಿತು. ಬಟ್ಟಲು ಚಾಚಿದಳು. ಹುಡುಗಿ ಒಂದು ಚಮಚ ಹಾಕಿದಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹೊರಡುವಾಗ ಬೀಗದಕೈಯವಳು ಮಡಿಲಿನಿಂದ ಬೆಂಕಿಪೊಟ್ಟಣ ತೆಗೆದು ಅವಳ ಕೈಗಿಟ್ಟಳು. “ದೀಪ ನೀನೇ ಹಚ್ಚಮ್ಮ. ನನಗೆ ಹೊತ್ತಾಯ್ತು” ಎಂದಳು. ಹುಡುಗಿ ದೀಪ ಹಚ್ಚಿದಳು. ಆಮೇಲೆ, ಎಂದಿನಂತೆ, ಆ ಸಂಜೆ ಮೂಲೆಮನೆಯಿಂದ ಕೇಳಿ ತಂದಿದ್ದ ಹೆಪ್ಪನ್ನು ದೊಡ್ಡ ಮಡಕೆಯ ಹಾಲಿಗೆ ಬಿಟ್ಟು ಮುಚ್ಚಿದಳು.

ಬೆಳಗ್ಗೆ ಅಪ್ಪ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ.

“ಇದು ಯಾರ ಮನೆ ಹೆಪ್ಪೇ? ಊರಿನ ಎಲ್ಲಾ ಮನೇದೂ ನನ್ನ ನಾಲಿಗೆಗೆ ಗೊತ್ತು. ಇದು ಗೊತ್ತಿಲ್ಲ. ಎಲ್ಲೋ ಒಂಚೂರು ಖಾರ ಇದೆ.”

ಅವಳು ನಡೆದದ್ದೆಲ್ಲ ಹೇಳಿದಳು. ಅಪ್ಪ ತುತ್ತು ನುಂಗಿ ನಗತೊಡಗಿದ, ಕೆಮ್ಮು ಬರುವಷ್ಟು ನಕ್ಕ.

“ನಿಮ್ಮಮ್ಮ ಈ ಮನೇಗೆ ಬಂದ ದಿನ ಬೀದಿಗೆ ಬೀದಿನೇ ಬಟ್ಟಲು ಹಿಡ್ಕೊಂಡು ನಿಂತಿತ್ತು. ಹೆಪ್ಪು ಇದೆಯೇನೇ ಹುಡುಗಿ, ಹೆಪ್ಪು ಇದೆಯೇನೇ ಹುಡುಗಿ ಅಂತ. ಅವಳು ಕೊಟ್ಟಳು, ಆಮೇಲೆ ನಮ್ಮ ಹಾಲು ಕೂತಿತು. ನಾವೆಲ್ಲ ತಮಾಷೆ ಅಂದ್ಕೊಂಡ್ವಿ. ಆ ಮಕ್ಕಳು ಬಂದ ದಿನ ಯಾರಾದ್ರೂ ಹೋಗಿ ಕಾಡಿಸಿದ್ರಾ?”

ಯಾರೂ ಕಾಡಿಸಿರಲಿಲ್ಲ. ಮನೆ ಕೊಟ್ಟಿದ್ದರು, ಹಸು ಕೊಟ್ಟಿದ್ದರು, ಪಾಠ ಕೊಟ್ಟಿದ್ದರು. ಅವಳು ಕೈತೊಳೆಯದೆಯೇ ಎದ್ದು ಓಡಿದಳು.

ದಡದಮನೆಯ ಮುಂದೆ ಆಗಲೇ ಜನ ಸೇರಿತ್ತು. ಹುಡುಗರು ತಮ್ಮ ಗಂಟುಗಳನ್ನು ಕಟ್ಟಿ ಜಗಲಿಯ ಮೇಲಿಟ್ಟುಕೊಂಡು, ಹೊಳೆಯ ಕಡೆ ನೋಡದೆ ನಿಂತಿದ್ದರು. ಯಜಮಾನ ಮಡಕೆಯ ಮುಚ್ಚಳ ತೆಗೆದ. ಮಡಕೆಯನ್ನು ವಾರೆ ಮಾಡಿದ. ಏನೂ ಹರಿಯಲಿಲ್ಲ. ಇನ್ನಷ್ಟು ವಾರೆ ಮಾಡಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ಆದರೆ ಇಷ್ಟು ದಿನ ಆ ಮಡಕೆಯಲ್ಲಿದ್ದದ್ದು ಬರೀ ಹಾಲೇ ಆಗಿತ್ತು. ಇವತ್ತು ಅದು ಹಾಲಾಗಿರಲಿಲ್ಲ. ಅವನು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ.

“ಏನು ಮಾಡಿದೆ?” ಎಂದು ಬೀಗದಕೈಯವಳನ್ನು ಕೇಳಿದ.

“ಕೇಳಿದೆ.”

“ಯಾರನ್ನ?”

“ಇವರನ್ನ. ಹೆಪ್ಪು.”

ಯಜಮಾನನಿಗೆ ಅದು ಪೂರ್ತಿ ಅರ್ಥವಾಯಿತೋ ಇಲ್ಲವೋ ತಿಳಿಯದು. ಮಡಕೆಯನ್ನು ಮೆಲ್ಲಗೆ ಕೆಳಗಿಟ್ಟು, “ಗಂಟು ಬಿಚ್ಚಿ ಮಕ್ಕಳೇ” ಎಂದ.

ಆ ಸಂಜೆ ಬಾಗಿಲುಗಳು ತೆರೆದುಕೊಂಡವು. ಬಟ್ಟಲುಗಳು ಹೋದವು, ಬಟ್ಟಲುಗಳು ಬಂದವು. ದಡದಮನೆಯ ಮುಂದೆ ಮೊಟ್ಟಮೊದಲು ಬಂದು ನಿಂತವಳು ಮೂಲೆಮನೆಯಾಕೆ. ಖಾರದ ಹೆಪ್ಪಂತೆ ನೋಡೋಣ ಎಂದು ಬಂದಿದ್ದಳು, ಆದರೆ ಹಾಗೆಂದು ಹೇಳಲಿಲ್ಲ. “ಏನ್ರೇ, ಒಳಗೆ ಎಲ್ಲರೂ ಸತ್ತುಬಿದ್ದಿದ್ದೀರಾ? ಎಷ್ಟೊತ್ತು ತಟ್ಟೋದು? ಹೆಪ್ಪು ಕೊಡ್ರೇ!” ಎಂದು ಕೂಗಾಡಿದಳು. ಅವಳು ಅವರನ್ನು ಗದರಿದ್ದು ಅದೇ ಮೊದಲು. ಹುಡುಗಿ ಓಡಿಬಂದು ಬಾಗಿಲು ತೆರೆದಳು.

ಮತ್ತೆ ಮಳೆ ಬಂತು, ಹೊಳೆ ತುಂಬಿತು. ಬೀಗದಕೈ ಬೀಗದಕೈಯವಳ ಮನೆಯ ಗೂಟದಲ್ಲೇ ತೂಗುತ್ತಿತ್ತು. ಒಂದು ಸಂಜೆ ಅವಳು ಎಲ್ಲೋ ಮಾತಿಗೆ ಕೂತು, ಹೊತ್ತು ಮರೆತು, ಬಟ್ಟಲು ಹಿಡಿದು ದಡದಮನೆಗೆ ಬಂದಳು. ಬಾಗಿಲು ತಟ್ಟಿದಳು. ಬಾಗಿಲು ಅರ್ಧ ತೆರೆಯಿತು. ಹುಡುಗಿಯ ಹಿಂದೆ ದೀಪ ಉರಿಯುತ್ತಿತ್ತು.

“ಹೆಪ್ಪು ಇದೆಯಾ?”

ಹುಡುಗಿ ಆಗದೆಂಬಂತೆ ತಲೆಯಾಡಿಸಿದಳು. “ದೀಪ ಹಚ್ಚಾಯ್ತಲ್ಲ. ಇಷ್ಟು ಹೊತ್ತು ಮಾಡ್ಕೊಂಡು ಬಂದ್ರೆ ಹೇಗೆ? ನಾಳೆ ಬನ್ನಿ.”

ಬಾಗಿಲು ಮುಚ್ಚಿಕೊಂಡಿತು.

ಬರಿದಾದ ಬಟ್ಟಲು ಹಿಡಿದು ಬೀಗದಕೈಯವಳು ಮನೆಗೆ ಬಂದಳು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು. ಮಾರನೇ ಬೆಳಗ್ಗೆ ಅಪ್ಪ ಎಲೆಯ ಮುಂದೆ ಕೂತು ಸಾರನ್ನ ಮುಗಿಸಿ, ಮೊಸರಿಗೆ ಕಾದ.

“ಮೊಸರಿಲ್ವಾ?”

“ಇಲ್ಲ ಅಪ್ಪ. ಹೆಪ್ಪು ಕೊಡಲ್ಲ ಅಂದುಬಿಟ್ರು.”

“ಯಾರು?”

“ದಡದಮನೆಯವರು.”

ಅಪ್ಪ ಕೈ ತಡೆದು ಅವಳ ಮುಖ ನೋಡಿದ. “ಮತ್ತೆ ನೀನೇನಂದೆ?”

“ಏನನ್ನಲಿ? ಇವತ್ತು ಬೇಗ ಹೋಗಿ ಕೇಳ್ತೀನಿ” ಎಂದು ಅವಳು ಬಟ್ಟಲು ತೊಳೆದು ಬಾಗಿಲ ಬಳಿ ಇಟ್ಟಳು.